ಕೆಚ್ಚದೆ ಉಳಿದ ಎಳೆ

"ಮನೆಯಾಗಿನ ಯಾವುದನ್ನಾದ್ರೂ ಮುಟ್ಟು ನಾಯನಾ, ನಡುಮನೆ ಮಗ್ಗ ಒಂದನ್ನ ಮುಟ್ಟಬ್ಯಾಡ. ಅದಕ್ಕೆ ಕಟ್ಟು ಹಾಕೈತೆ."

ಬೊಮ್ಮಲಿಂಗಪ್ಪ ಹೆಂಡತಿಯನ್ನು ಕರೆದುಕೊಂಡು, ಹಾಸಿಗೆ ಸುರುಳಿ ಹೆಗಲ ಮೇಲೆ ಹೊತ್ತು ಬಾಡಿಗೆಗೆಂದು ಮೊಳಕಾಲ್ಮೂರಿನ ಆ ಮನೆಯ ಹೊಸ್ತಿಲು ದಾಟಿದ ದಿನವೇ ಮನೆಯೊಡತಿ, ನೇಕಾರ ಮುದುಕಿ ಓಬಕ್ಕ ಈ ಮಾತು ಹೇಳಿದ್ದಳು. ಅವನು ಸುರುಳಿ ಇಳಿಸಿ ನಕ್ಕ.

"ಯಾರು ಹಾಕಿದ್ದು ಕಟ್ಟು?"

"ನಮ್ಮ ಯಜಮಾನ."

"ಎಲ್ಲವ್ರೆ?"

"ತೀರಿಕೊಂಡ."

"ಸತ್ತೋರು ಹಾಕಿದ ಕಟ್ಟಿಗೆ ಬದುಕಿರೋರು ಹೆದರಬೇಕೇನ್ರೀ ಓಬಕ್ಕ? ನನ್ನ ಹತ್ರ ಸ್ಪ್ಯಾನರ್ ಐತೆ. ಎಂಥಾ ಕಟ್ಟಿದ್ರೂ ಬಿಚ್ಚಿಕೊಡ್ತೀನಿ ಬಿಡ್ರಿ."

ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಸೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯುವುದಕ್ಕೋ ಭಯಕ್ಕೋ ಗೊತ್ತಾಗಲಿಲ್ಲ. ಅವಳಿಗಾಗ ಬಸಿರು ಕಾಣುವಷ್ಟು ತುಂಬಿತ್ತು. ಓಬಕ್ಕ ನಗಲಿಲ್ಲ. ಆ ಹೊಟ್ಟೆಯನ್ನೇ ನೋಡುತ್ತಾ ನಿಂತವಳು, ಆಮೇಲೆ ಸೂರಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಬೊಮ್ಮಲಿಂಗಪ್ಪ ದಡ್ಡ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಹಿಂದೆ ಓಡಾಡಿ ಬೆಳೆದವನು, ಬೆಂಗಳೂರಿಗೆ ಹೋಗಿ ಒಬ್ಬ ದೊರೆಯ ಮೋಟಾರು ತೊಳೆಯುವ ಕೆಲಸಕ್ಕೆ ಸೇರಿ, ತೊಳೆಯುತ್ತಾ ತೊಳೆಯುತ್ತಾ ಅದರ ಹೊಟ್ಟೆಯೊಳಗಿನದ್ದೆಲ್ಲ ಕಲಿತುಬಿಟ್ಟಿದ್ದ. ಸಾವಿರದ ಒಂಬೈನೂರ ಇಪ್ಪತ್ತರ ಆಸುಪಾಸಿನ ಕಾಲ ಅದು. ಮೊಳಕಾಲ್ಮೂರಿನ ರೇಷ್ಮೆ ವ್ಯಾಪಾರಿ ನಾಗೇಂದ್ರಪ್ಪ ಸಾಹುಕಾರರು ಊರಿಗೆ ಮೊದಲನೆಯ ಮೋಟಾರು ತರಿಸಿದಾಗ ಅದನ್ನು ಓಡಿಸಲು ಇವನಲ್ಲದೆ ಬೇರೆ ಯಾರೂ ಇರಲಿಲ್ಲ. ಅದೇ ಅವನ ತಲೆಗೆ ಏರಿತ್ತು. ಲೋಕದಲ್ಲಿ ಕೆಟ್ಟು ನಿಂತದ್ದಕ್ಕೆಲ್ಲ ಒಂದು ಕಾರಣ ಇರುತ್ತದೆ, ಆ ಕಾರಣ ಕೈಗೆ ಸಿಗುವಂಥದ್ದಾಗಿರುತ್ತದೆ ಎಂದು ಅವನು ನಂಬಿದ್ದ. ನಂಬಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಕೇಳಿಸಿಕೊಳ್ಳುವುದಕ್ಕೆ ಏನು ರೋಗ ಅವನಿಗೆ?

ಮಗ್ಗ ನಡುಮನೆಯಲ್ಲಿ, ಕಾಲು ಇಳಿಬಿಟ್ಟು ನೇಯುವ ಕುಣಿಯ ಮೇಲೆ ಇತ್ತು. ಅಲ್ಲಿಗೆ ಕಿಟಕಿಯಿಲ್ಲ, ಮಾಳಿಗೆಯ ಗವಾಕ್ಷಿಯಿಂದ ಒಂದಿಷ್ಟು ಬೆಳಕು ಬೀಳುತ್ತಿತ್ತು. ಹಳೆಯ ಗಂಜಿಯ ಹುಳಿ ವಾಸನೆ, ಹಸಿ ರೇಷ್ಮೆಯ ಮುಗ್ಗುಲು ವಾಸನೆ, ಅದರ ಕೆಳಗೆ ಎಲ್ಲಿಂದಲೋ ಬರುವ ಅರಿಸಿನದ ವಾಸನೆ. ಮಗ್ಗದ ಮೇಲೆ ರಕ್ತಗೆಂಪಿನ ಅರೆನೇಯ್ದ ಸೀರೆ. ಮೇಲಿನ ಅಡ್ಡಮರಕ್ಕೆ ಕಬ್ಬಿಣದ ಮೊಳೆ ಚುಚ್ಚಿದ ಒಂದು ನಿಂಬೆಹಣ್ಣು ಕರಿದಾರದಲ್ಲಿ ತೂಗುತ್ತಿತ್ತು. ಎಷ್ಟು ವರ್ಷದ್ದೋ, ಒಣಗಿ ಕಲ್ಲಾಗಿತ್ತು.

ಅದರ ಕತೆಯನ್ನು ಓಬಕ್ಕ ಸೂರಮ್ಮನಿಗೆ ಹೇಳಿದಳು, ಸೂರಮ್ಮ ಊಟ ಬಡಿಸುತ್ತಾ ಗಂಡನಿಗೆ ಹೇಳಿದಳು. ಓಬಕ್ಕನ ಒಬ್ಬಳೇ ಮಗಳು ಗೋವಿಂದಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ಬಾಣಂತನ ಮುಗಿದ ಮೇಲೆ ಉಡಲಿ ಎಂದು ಅವಳಪ್ಪ ಪೆದ್ದಣ್ಣ ಕೆಂಪು ಸೀರೆ ಹೂಡಿದ್ದನಂತೆ. ನೇಕಾರರ ಮನೆಯಲ್ಲಿ ಬಸುರಿ ಇರುವಾಗ ಮಗ್ಗದ ಬಟ್ಟೆಯನ್ನು ಅರ್ಧಕ್ಕೆ ಕತ್ತರಿಸುವಂತಿಲ್ಲ. ನೇಯ್ದು ಮುಗಿದ ಮೇಲೂ ಹಾಸಿನ ಉದ್ದೆಳೆಗಳ ತುದಿಗಳನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಸೇರಿಸಿ ಕೆಚ್ಚುತ್ತಾರೆ. ಮಗ್ಗ ಒಂದು ದಿನವೂ ಬರಿದಾಗಬಾರದು. ಗೊತ್ತಿದ್ದೂ ಯಾವನೋ ದಳ್ಳಾಳಿ ಪೆದ್ದಣ್ಣ ಇಲ್ಲದ ಹೊತ್ತಿನಲ್ಲಿ ಬಂದು, ಮದುವೆಯ ಹೆಣ್ಣಿನ ಕುಪ್ಪಸಕ್ಕೆ ಬೇಕು ಎಂದು ಆ ಸೀರೆಯನ್ನು ಅರ್ಧಕ್ಕೇ ಕೊಯ್ದುಕೊಂಡು ಹೋದ. ಅದೇ ವಾರ ಗೋವಿಂದಮ್ಮ ಹೆರಲಾರದೆ ಸತ್ತಳು. ಪೆದ್ದಣ್ಣ ರಾಯದುರ್ಗದ ಕಡೆಯ ಮಂತ್ರವಾದಿಯೊಬ್ಬನನ್ನು ಕರೆಸಿ, ಮಗ್ಗದಲ್ಲಿ ಇನ್ನೂ ಒಂದು ಸೀರೆಗಾಗುವಷ್ಟು ಉಳಿದಿದ್ದ ಎಳೆಗಳಿಗೆ ಕಟ್ಟು ಹಾಕಿಸಿದ. ಇನ್ನು ಮುಂದೆ ಇದನ್ನು ಅರ್ಧಕ್ಕೆ ಕಡಿದವನು ನಾನು ಕಂಡದ್ದನ್ನೇ ಕಾಣಲಿ ಎಂದು. ಸ್ವಲ್ಪ ದಿನಕ್ಕೆ ಅವನೂ ಹೋದ. ಕಟ್ಟು ಮಾತ್ರ ಹಾಗೇ ಉಳಿಯಿತು.

"ಪೂರ್ತಿ ನೇಯ್ದು, ಒಬ್ಬ ಬಾಣಂತಿ ಉಟ್ಟರೆ ಕಟ್ಟು ಬಿಡ್ತೈತಂತೆ," ಎಂದಳು ಸೂರಮ್ಮ. "ಅದಕ್ಕೇ ಓಬಕ್ಕ ಈಗ ದಿನಾ ಇಷ್ಟಿಷ್ಟು ನೇಯ್ತಾ ಅವ್ರೆ. ನನಗಂತೆ ಆ ಸೀರೆ. ನೀನು ನನ್ನ ಗೋವಿಂದಿ ಅಂತಾರೆ."

"ಸೀರೆ ಬಂದ್ರೆ ಬೇಡ ಅನ್ನಬ್ಯಾಡ," ಎಂದು ಬೊಮ್ಮಲಿಂಗಪ್ಪ ಕೈ ತೊಳೆದ. "ಕತೆ ಮಾತ್ರ ಅವರ ಹತ್ರಾನೇ ಇರಲಿ."

ಓಬಕ್ಕ ದಿನಕ್ಕೆ ನಾಲ್ಕು ಬೆರಳು ನೇಯುತ್ತಿದ್ದಳು. ಕಟಕ್, ಕಟಕ್ ಎಂದು ಮಗ್ಗದ ಸದ್ದು. ಪಕ್ಕದಲ್ಲಿ ಕೂತ ಸೂರಮ್ಮ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ತಾಯಿ ಇಲ್ಲದ ಹುಡುಗಿಗೆ ತಾಯಿ ಸಿಕ್ಕಿದ್ದಳು, ಮಗಳು ಇಲ್ಲದವಳಿಗೆ ಮಗಳು. ಅವರಿಬ್ಬರೂ ಅಷ್ಟು ಸುಖವಾಗಿದ್ದರಲ್ಲ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸೀರೆ ಮುಗಿಯಲು ಒಂದು ಗೇಣು ಉಳಿದಿತ್ತು.

ಆ ಹೊತ್ತಿಗೆ ಮೋಟಾರು ಕೈ ಕೊಡತೊಡಗಿತು. ಪೆಟ್ರೋಲು ರಾಯದುರ್ಗದ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ಡಬ್ಬಿಗಳಲ್ಲಿ ಬರುತ್ತಿತ್ತು. ಡಬ್ಬಿಯ ತಳದಲ್ಲಿ ತುಕ್ಕು, ನೀರು, ಕಸ. ಸೋಸಲೆಂದು ಮೋಟಾರಿನ ಜತೆ ಬಂದಿದ್ದ ತೆಳು ತೊಗಲನ್ನು ಇಲಿಗಳು ತಿಂದು ತೂತು ಮಾಡಿದ್ದವು. ಹತ್ತಿಬಟ್ಟೆಯಲ್ಲಿ ಸೋಸಿದರೆ ಜುಂಗು ಹೋಗಿ ಕಾರ್ಬೋರೇಟರಿನ ಸೂಜಿಗಣ್ಣಿನಂಥ ಸಣ್ಣ ಕಣ್ಣಿನಲ್ಲಿ ಕೂರುತ್ತದೆ. ಹತ್ತಿರದ ಹಾನಗಲ್ಲಿನ ಸಂತೆಯ ಎದುರಿಗೇ ಮೋಟಾರು ಕೆಮ್ಮಿ ನಿಂತಿತು. ಸಾಹುಕಾರರು ಜನರ ನಡುವೆ ಎತ್ತಿನ ಗಾಡಿ ಹತ್ತುತ್ತಾ, "ಲೇ ಬೊಮ್ಮಾ, ಇದಕ್ಕೂ ಹುಲ್ಲು ಹಾಕಿ ನೋಡಲೇ," ಎಂದರು. ಸಂತೆಗೆ ಸಂತೆಯೇ ನಕ್ಕಿತು. ಆ ರಾತ್ರಿ ಅವನು ಸರಿಯಾಗಿ ಉಣ್ಣಲಿಲ್ಲ.

ರೇಷ್ಮೆಯಾದರೆ ಜುಂಗು ಬಿಡುವುದಿಲ್ಲ. ಅವನು ಓಬಕ್ಕನನ್ನು ಒಂದು ತುಂಡು ಕೇಳಿದ. "ಎರಡು ದಿನ ತಡಿ ನಾಯನಾ, ಯಾರ ಮನ್ಯಾಗಾದ್ರೂ ಹಳೇ ಸೀರೆ ಸೆರಗು ಕೇಳಿ ತರ್ತೀನಿ," ಎಂದಳು. ಎರಡು ದಿನ ತಡೆಯುವಷ್ಟು ವ್ಯವಧಾನ ಅವನಿಗೆ ಇರಲಿಲ್ಲ. ಮರುದಿನ ಬೆಳಗ್ಗೆ ಓಬಕ್ಕ ನೀರಿಗೆ ಹೋಗಿದ್ದಳು. ಸೂರಮ್ಮ ಅಡುಗೆ ಕೋಣೆಯಲ್ಲಿ ರಾಗಿ ಕೇರುತ್ತಿದ್ದಳು. ಬೊಮ್ಮಲಿಂಗಪ್ಪ ಬೆಂಗಳೂರಿನಲ್ಲಿ ಕೊಂಡಿದ್ದ ಕ್ಷೌರದ ಕತ್ತಿ ತೆಗೆದುಕೊಂಡು ನಡುಮನೆಗೆ ಬಂದ. ಸೀರೆಯ ಒಂದು ಮೂಲೆ, ಅಂಗೈಯಗಲ ಸಾಕು. ಮುದುಕಿಗೆ ಗೊತ್ತಾಗುವುದರೊಳಗೆ ಬೇರೇನಾದರೂ ಹೇಳಿದರಾಯಿತು.

ಕತ್ತಿ ತಾಗಿಸಿದ.

ಅವನು ಕೊಯ್ದದ್ದು ಒಂದು ಮೂಲೆಯೇ. ಮಿಕ್ಕದ್ದು ತಾನಾಗಿ ಕೊಯ್ದುಕೊಂಡು ಹೋಯಿತು. ಬಿಗಿದು ನಿಂತಿದ್ದ ಎಳೆಗಳು ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಆ ಅಂಚಿನಿಂದ ಈ ಅಂಚಿಗೆ ಪಟಪಟ ಹರಿದು, ಜುಂಯ್ ಎಂದು ಹಿಂದಕ್ಕೆ ಹಾರಿದವು. ನೇಯ್ದ ಬಟ್ಟೆ ಅವನ ಕಾಲ ಮೇಲೆ ಬಿತ್ತು. ಅಡ್ಡಮರದ ನಿಂಬೆಹಣ್ಣು ಕಳಚಿ ಕುಣಿಯೊಳಗೆ ಉರುಳಿತು. ಒಳಗಿನಿಂದ ಸೂರಮ್ಮ, "ಅಯ್ಯೋ ಅವ್ವಾ," ಎಂದಳು.

"ಏನಾತು?"

"ಏನಿಲ್ಲ. ಸೊಂಟ ಯಾಕೋ ಚಳಕ್ಕಂತು."

ಅವನು ಕುಣಿಗೆ ಬಗ್ಗಿ ನಿಂಬೆಹಣ್ಣು ಎತ್ತಿದ. ಕಲ್ಲಾಗಿದ್ದ ಹಣ್ಣು ಮೆತ್ತಗಿತ್ತು. ಮೊಳೆಯ ಬುಡದಿಂದ ರಸ ಇಳಿದು ಬೆರಳೆಲ್ಲ ಅಂಟಂಟಾಯಿತು. ಹಣ್ಣನ್ನು ತಟ್ಟನೆ ಕುಣಿಗೇ ಬಿಟ್ಟ. ಆದರೆ ಪಂಚೆಗೆ ಕೈ ಒರೆಸಿಕೊಂಡು, ತನಗೆ ಬೇಕಾದಷ್ಟು ತುಂಡು ಕೊಯ್ದುಕೊಂಡು ಸಾಹುಕಾರರ ಕೊಟ್ಟಿಗೆಗೆ ಹೋಗಿ, ಆ ಕೆಂಪು ಬಟ್ಟೆಯಲ್ಲಿ ಪೆಟ್ರೋಲು ಸೋಸಿ ಟ್ಯಾಂಕಿಗೆ ತುಂಬಿದ. ಪೆಟ್ರೋಲು ನೀರಿನಷ್ಟು ತಿಳಿಯಾಗಿ ಇಳಿಯಿತು. ಬಟ್ಟೆಯನ್ನು ಹಿಂಡಿ ಸಾಮಾನಿನ ಪೆಟ್ಟಿಗೆಗೆ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಮಾರಣ್ಣ ಓಡಿ ಬಂದು, "ನಿನ್ನ ಹೆಂಡ್ತಿಗೆ ಬೇನೆ ಜಾಸ್ತಿ ಆಗೈತೆ, ಬಾರಲೇ," ಎಂದ.

ಮನೆಯೊಳಗೆ ಬಿಸಿನೀರಿನ ಹಬೆ, ರಕ್ತದ ವಾಸನೆ. ಸೂಲಗಿತ್ತಿ ನಿಂಗಕ್ಕ ಮೊಣಕೈವರೆಗೂ ತೊಯ್ದ ಕೈಗಳನ್ನು ಚಾಚಿಕೊಂಡು ಹೊರಗೆ ಬಂದಳು. "ಕೂಸು ಅಡ್ಡ ತಿರುಗೈತೆ. ನನ್ನ ಕೈಲಿ ಆಗಾಂಗಿಲ್ಲ. ಚಳ್ಳಕೆರೆ ಆಸ್ಪತ್ರೆಯಾಗೆ ಡಾಕ್ಟ್ರಮ್ಮ ಅವ್ರೆ, ಹೊತ್ತು ಮುಳುಗೋದ್ರೊಳಗೆ ಸೇರಿಸು. ನಿನ್ನ ಮೋಟಾರು ಇನ್ನು ಯಾವತ್ತಿಗೆ ಐತಪ್ಪಾ?"

ನಡುಮನೆಯಲ್ಲಿ ಓಬಕ್ಕ ಮಗ್ಗದ ಮುಂದೆ ಕೂತಿದ್ದಳು. ಕಡಿದ ಎಳೆಗಳ ತುದಿ ಅವಳ ಮುಷ್ಟಿಯಲ್ಲಿ ಇದ್ದವು. ಅವಳು ಕಿರುಚಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಅವನೂ ತಿರುಗಿ ಬಯ್ದು ಹಗುರಾಗುತ್ತಿದ್ದ.

"ಏನು ಮಾಡಿದೆ ನಾಯನಾ," ಎಂದಳು. "ಹೋಗ್ಲಿ. ಕೊಯ್ದುಕೊಂಡು ಹೋದ ತುಂಡು ಎಲ್ಲೈತೆ? ಕೊಡು. ಹೊತ್ತು ಮುಳುಗೋದ್ರೊಳಗೆ ಕೆಚ್ಚಿಬಿಟ್ರೆ ಏನೂ ಆಗಲ್ಲ. ನಾ ಕೆಚ್ತೀನಿ. ಬೇಗ ಕೊಡು."

ಬಟ್ಟೆ ಕೊಟ್ಟಿಗೆಯಲ್ಲಿತ್ತು. ಹೋಗಿ ತಂದುಕೊಡಲು ಎಷ್ಟು ಹೊತ್ತು? ಆದರೆ ಕೊಟ್ಟರೆ ಮುದುಕಿ ಸೂರಮ್ಮನನ್ನು ಹೊರಡಲು ಬಿಡುವುದಿಲ್ಲ, ಇಲ್ಲೇ ಎಳೆ ಎಣಿಸುತ್ತಾ ಕೂರುತ್ತಾಳೆ, ಹೆಂಡತಿ ಕಣ್ಣೆದುರೇ ಹೋಗುತ್ತಾಳೆ ಎಂದು ಅವನಿಗೆ ದಿಗಿಲಾಯಿತು. ದಿಗಿಲಿನ ಜತೆಗೆ ನಾಚಿಕೆಯೂ ಇತ್ತು.

"ಒಲೆಗೆ ಹಾಕಿದೆ," ಎಂದ. "ಸುಟ್ಟುಹೋತು."

ಓಬಕ್ಕ ಅವನ ಮುಖ ನೋಡಿದಳು. ಆಮೇಲೆ ಮಗ್ಗದಿಂದ ಹಣಿಗೆಯನ್ನು, ಅದರ ಹಲ್ಲುಗಳ ನಡುವೆ ತೂಗುತ್ತಿದ್ದ ಕೆಂಪು ಎಳೆಗಳ ಸಮೇತ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. "ನಾನೂ ಬರ್ತೀನಿ. ಸೂರಮ್ಮ ನನ್ನ ಕೈ ಬಿಡಾಕಿಲ್ಲ ಅಂತಾಳೆ."

ಸಾಹುಕಾರರನ್ನು ಕೇಳಿದ್ದಕ್ಕೆ, "ಕೇಳಾದೇನಲೇ, ತಗಂಡು ಹೋಗು," ಎಂದು ತಾವೇ ಕೊಟ್ಟಿಗೆ ಬಾಗಿಲು ತೆರೆದರು. ಒಂದೇ ಹ್ಯಾಂಡಲಿಗೆ ಎಂಜಿನ್ನು ಹತ್ತಿಕೊಂಡಿತು. ಬೊಮ್ಮಲಿಂಗಪ್ಪನಿಗೆ ಎದೆ ತುಂಬಿ ಬಂತು. ಕಟ್ಟಂತೆ, ಮಾಟವಂತೆ!

ಹಿಂದಿನ ಸೀಟಿನಲ್ಲಿ ಓಬಕ್ಕನ ತೊಡೆಯ ಮೇಲೆ ಸೂರಮ್ಮನ ತಲೆ. ಗುಂಡುಕಲ್ಲಿನ ಗುಡ್ಡಗಳು ಹಿಂದಕ್ಕೆ ಸರಿದವು, ಹಾನಗಲ್ಲು ದಾಟಿತು. ಬಿಸಿಲಿಗೆ ರಸ್ತೆಯ ದೂಳು ಕಾದು ಬಾಯಿಯೊಳಗೆ ಸುಡುತ್ತಿತ್ತು. ಗಾಲಿ ಗುಂಡಿಗೆ ಇಳಿದಾಗಲೆಲ್ಲ ಸೂರಮ್ಮ ನರಳುತ್ತಿದ್ದಳು, ಅವನು ಹಲ್ಲು ಕಚ್ಚಿಕೊಂಡು, "ಆತು, ಆತು, ಬಂದೇಬಿಡ್ತು," ಎನ್ನುತ್ತಿದ್ದ. ಕೊಂಡ್ಲಹಳ್ಳಿಯ ದಾರಿ ಕವಲೊಡೆಯುವ ಜಾಗವನ್ನೂ ದಾಟಿದ ಮೇಲೆ ರೇಡಿಯೇಟರು ಬುಸುಗುಟ್ಟತೊಡಗಿತು. ನೀರು ಹಾಕದೆ ಹೋದರೆ ಎಂಜಿನ್ನು ಹಿಡಿದುಕೊಂಡುಬಿಡುತ್ತದೆ. ಬೇರೆ ದಾರಿ ಇರಲಿಲ್ಲ.

"ನಿಲ್ಲಿಸಬ್ಯಾಡ ನಾಯನಾ," ಎಂದಳು ಓಬಕ್ಕ.

"ಚಣ ಹೊತ್ತು."

ಒಂದು ಜಾಲಿ ಮರದ ಕೆಳಗೆ ನಿಲ್ಲಿಸಿ, ಡಬ್ಬಿಯ ನೀರು ಸುರಿದ. ಹಬೆ ಇಳಿಯಿತು. ಮುಂದಕ್ಕೆ ಬಂದು ಹ್ಯಾಂಡಲ್ ತಿರುಗಿಸಿದ.

ಕಟಕ್.

ಇನ್ನೊಮ್ಮೆ ತಿರುಗಿಸಿದ. ಕಟಕ್. ಎಂಜಿನ್ನು ಉಸಿರೇ ಬಿಡಲಿಲ್ಲ.

ಸುತ್ತ ಒಂದು ನರಪಿಳ್ಳೆಯಿಲ್ಲ. ಒಣ ಹುಲ್ಲಿನ ಬಯಲು, ದೂರದಲ್ಲಿ ತಳಕಿನ ಕಡೆ ಒಲೆಹೊಗೆ ಎದ್ದಂತೆ ಕಾಣುತ್ತಿತ್ತು. ಅಷ್ಟೇ ದೂರ. ಸೂರ್ಯ ಇಳಿಯತೊಡಗಿದ್ದ.

ಬೊಮ್ಮಲಿಂಗಪ್ಪ ಕಲಿತದ್ದನ್ನು ಕಲಿತ ಕ್ರಮದಲ್ಲೇ ಮಾಡಿದ. ಮೊದಲು ಪೆಟ್ರೋಲು. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ, ಅರ್ಧಕ್ಕಿಂತ ಮೇಲಿತ್ತು. ನಲ್ಲಿ ಬಿಚ್ಚಿದ, ಧಾರೆಯಾಗಿ ಬಂತು. ಕಾರ್ಬೋರೇಟರು ಕಳಚಿ ಊದಿದ, ಕಣ್ಣು ತೆರೆದೇ ಇತ್ತು. ಕಸವಿಲ್ಲ, ನೀರಿಲ್ಲ. ಆಮೇಲೆ ಕಿಡಿ. ತಂತಿಯ ತುದಿಯನ್ನು ಕಬ್ಬಿಣಕ್ಕೆ ಹತ್ತಿರ ಹಿಡಿದು ಹ್ಯಾಂಡಲ್ ತಿರುಗಿಸಿದ, ನೀಲಿ ಕಿಡಿ ಚಟ್ಟೆಂದು ಹಾರಿತು. ಗಾಳಿ ಇದೆ, ಪೆಟ್ರೋಲಿದೆ, ಕಿಡಿ ಇದೆ. ಮೂರೂ ಇದ್ದ ಮೇಲೆ ಹತ್ತಲೇಬೇಕು. ಅವನು ಮತ್ತೆ ತಿರುಗಿಸಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಕಟಕ್. ಕಟಕ್. ಕಟಕ್. ಆಗ ಅವನಿಗೆ ಆ ಸದ್ದು ಯಾವುದೆಂದು ಗುರುತು ಸಿಕ್ಕಿತು. ನಡುಮನೆಯಲ್ಲಿ ದಿನಾ ಕೇಳುತ್ತಿದ್ದ ಸದ್ದು. ಎಂಜಿನ್ನಿನೊಳಗೆ ಯಾರೋ ಮಗ್ಗ ಹೊಡೆಯುತ್ತಿದ್ದರು.

"ಪ್ಲಗ್ಗು," ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡ. "ಪ್ಲಗ್ಗಿನಾಗೇ ಏನೋ ಐತೆ."

ಸ್ಪ್ಯಾನರ್ ಹಾಕಿ ಮೊದಲನೆಯದನ್ನು ಬಿಚ್ಚಿದ. ಪ್ಲಗ್ಗಿನ ತುದಿಗೆ ಕೆಂಪು ಎಳೆ ಸುತ್ತಿಕೊಂಡಿತ್ತು.

ಸೋಸುವಾಗ ಹೋದದ್ದು ಎಂದುಕೊಂಡ. ರೇಷ್ಮೆಯೂ ಜುಂಗು ಬಿಡುತ್ತದೆ ಎಂದುಕೊಂಡ. ಬೆರಳಿನಿಂದ ಹಿಡಿದು ಎಳೆದ. ಬಂತು. ಇನ್ನೂ ಬಂತು. ಮೊಳದುದ್ದ ಬಂತು, ಮಾರುದ್ದ ಬಂತು. ಬೆಂಕಿ ಉರಿಯುವ ಜಾಗದಿಂದ ಬರುವ ಎಳೆ ತಣ್ಣಗಿತ್ತು, ಒದ್ದೆಯಾಗಿತ್ತು. ಮೂಗಿಗೆ ಹಿಡಿದ. ಪೆಟ್ರೋಲಿನ ವಾಸನೆಯಲ್ಲ. ಅರಿಸಿನ, ಹಸಿ ರಕ್ತ. ಅವನು ಜೋರಾಗಿ ಎಳೆದ.

ಹಿಂದೆ ಸೂರಮ್ಮ ಕಿರುಚಿದಳು.

ಕೈ ಬಿಟ್ಟ. ಕಿರುಚಾಟ ನಿಂತಿತು. ಸಂಶಯಕ್ಕೆ ಮತ್ತೊಮ್ಮೆ, ಮೆಲ್ಲಗೆ ಎಳೆದ. ಅವಳು ಮತ್ತೆ ಕಿರುಚಿದಳು. ಅವನು ರಸ್ತೆಯ ಮೇಲೇ ಕುಕ್ಕರಿಸಿದ.

ಓಬಕ್ಕ ಸೂರಮ್ಮನ ತಲೆಯನ್ನು ಸೀಟಿನ ಮೇಲೆ ಇಳಿಸಿ ಕೆಳಗೆ ಬಂದಳು. ಎಳೆಯನ್ನು ಕಂಡಳು. "ಇದು ನನ್ನ ಮಗ್ಗದ್ದು," ಎಂದಳು. "ಸುಟ್ಟೆ ಅಂದ್ಯಲ್ಲಪ್ಪಾ."

ಅವನು ಎದ್ದ. ಸಾಮಾನಿನ ಪೆಟ್ಟಿಗೆ ತೆರೆದ. ಬೆಳಗ್ಗೆ ಹಿಂಡಿ ಹಾಕಿದ ಬಟ್ಟೆ ಅಂಚಿನಿಂದ ಬಿಚ್ಚಿಕೊಂಡು ಎಳೆಎಳೆಯಾಗಿ, ಪೆಟ್ಟಿಗೆಯ ಸಂದಿನಿಂದ ಇಳಿದು, ಮೋಟಾರಿನ ಹೊಟ್ಟೆಯ ಕೆಳಗೆ ಹರಿದು ಎಂಜಿನ್ನಿನೊಳಕ್ಕೆ ಹೋಗಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ.

"ತಪ್ಪಾತವ್ವಾ," ಎಂದ. ಓಬಕ್ಕ ಎನ್ನಲಿಲ್ಲ, ಅವ್ವಾ ಎಂದ.

"ಆಮೇಲೆ ಅಳು. ಹೊತ್ತು ಇನ್ನೂ ಐತೆ." ಓಬಕ್ಕ ದೂಳಿನಲ್ಲೇ ಕೂತು ಹಣಿಗೆಯನ್ನು ಮಡಿಲಿನಿಂದ ತೆಗೆದಳು. "ಇದರ ಎಳೆಗೆ ಅದರ ಎಳೆ ಕೆಚ್ತೀನಿ. ಎಲ್ಲಾ ಕೂಡಬೇಕು. ನಾ ಹೇಳೋತನಕ ನೀನು ಆ ಹ್ಯಾಂಡಲ್ ಮುಟ್ಟಬ್ಯಾಡ. ಅದನ್ನ ತಿರುಗಿಸಿದ್ರೆ ಇವೆಲ್ಲಾ ಒಳಗೆ ಹೋಗಿ ಹರೀತಾವೆ. ತಿಳೀತಾ?"

"ತಿಳೀತವ್ವಾ."

ಮುದಿ ಬೆರಳುಗಳು ಒಂದು ಎಳೆ ಹಿಡಿದವು, ಇನ್ನೊಂದು ಎಳೆ ಹಿಡಿದವು, ಸೆರಗಿನ ಗಂಟಿನಲ್ಲಿ ತಂದಿದ್ದ ಬೂದಿ ಸವರಿ ತಿರುವಿದವು. ಒಂದು ಕೂಡಿತು. ಇನ್ನೊಂದು. ಅವಳು ಗೊಣಗುತ್ತಿದ್ದಳು, ಅರ್ಧ ತೆಲುಗು ಅರ್ಧ ಕನ್ನಡ. "ನಾ ತಲ್ಲಿ, ನನ್ನ ತಾಯಿ, ನಾ ಬಂಗಾರು, ತಡಿ, ತಡಿ." ಬೊಮ್ಮಲಿಂಗಪ್ಪ ಪ್ಲಗ್ಗು ಒರೆಸಿ ಮತ್ತೆ ಕೂರಿಸಿದ. ಆಮೇಲೆ ಸೀಟಿನ ಬಳಿ ಹೋಗಿ ಹೆಂಡತಿಯ ಹಣೆಯ ಬೆವರು ಒರೆಸಿದ. ನರಳುವುದು ಕಡಿಮೆಯಾಗಿತ್ತು. ಅವಳು ಕಣ್ಣು ಮುಚ್ಚಿದ್ದಳು.

"ಅವ್ವಾ, ಇವಳು ಸುಮ್ಮನಾದ್ಳು."

"ಒಳ್ಳೇದು. ಅರ್ಧ ಕೂಡೈತೆ. ಕೂಸು ತಿರುಗ್ತಾ ಐತೆ."

ಕೂಸು ತಿರುಗುವುದು ಮುದುಕಿಗೆ ಅಲ್ಲಿ ಕೂತೇ ಹೇಗೆ ಗೊತ್ತು? ಅವನಿಗೆ ಕಾಣುತ್ತಿದ್ದದ್ದು ಬಿಳಿಚಿದ ತುಟಿ ಮಾತ್ರ. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ. ಸೂರ್ಯ ಹುಲ್ಲಿನ ಅಂಚಿಗೆ ತಾಗಿದ. ಬಯಲಿನ ಮೇಲಿನಿಂದ ಗಾಳಿ ಬಂತು, ಗಂಜಿಯ ಹುಳಿ ವಾಸನೆ ಹೊತ್ತು. ಸೂರಮ್ಮ ಕಣ್ಣು ತೆರೆದು ಅವನನ್ನು ನೋಡಿದಳು.

"ನಡೀರಿ," ಎಂದಳು. "ಹೋಗಾಣ."

ಅವಳು ಎಲ್ಲಿಗೆ ಎಂದು ಹೇಳಿದಳೋ! ಅವನಿಗೆ ಕೇಳಿಸಿದ್ದು ಚಳ್ಳಕೆರೆ. ಪ್ಲಗ್ಗು ಚೊಕ್ಕಟವಾಗಿದೆ. ಕಿಡಿ ಇದೆ. ಪೆಟ್ರೋಲಿದೆ. ಒಂದೇ ಒಂದು ಸಲ ಹತ್ತಿಕೊಂಡರೆ ತಳಕು ದಾಟಿ ಡಾಕ್ಟ್ರಮ್ಮನ ಬಾಗಿಲು. ಮುದುಕಿಯ ಬೆರಳು ನಿಧಾನ. ಇನ್ನೂ ಅರ್ಧ ಇದೆ. ಅರ್ಧ ಮುಗಿಯುವುದರೊಳಗೆ ಇವಳು ಹೋಗುತ್ತಾಳೆ. ಕೈಕಟ್ಟಿ ನಿಂತು ನೋಡಲೇ? ನಾನು ಗಂಡಸಲ್ಲವೇ? ನನಗೆ ಗೊತ್ತಿರುವುದು ಇದೊಂದೇ ಅಲ್ಲವೇ?

ಅವನು ಮುಂದಕ್ಕೆ ಓಡಿದ.

"ವದ್ದು! ವದ್ದು ನಾಯನಾ! ಬ್ಯಾಡ!"

ಹ್ಯಾಂಡಲ್ ಹಿಡಿದ. ಕಣ್ಣು ಮುಚ್ಚಿದ. ಒಂದೇ ಸುತ್ತು.

ಎಂಜಿನ್ನು ಹತ್ತಿಕೊಂಡಿತು.

ಎಂಥಾ ಹತ್ತಿಕೊಳ್ಳುವುದು! ಕೊಂಡ ದಿನವೂ ಅದು ಹಾಗೆ ಓಡಿರಲಿಲ್ಲ. ಒಂದು ಕೆಮ್ಮಿಲ್ಲ, ಒಂದು ಮುಗ್ಗರಿಕೆಯಿಲ್ಲ, ಗುಂಯ್ ಎಂದು ಹಾಡಿದಂತೆ ಓಡಿತು. ಕೆಂಪು ಎಳೆಗಳು ಓಬಕ್ಕನ ಬೆರಳುಗಳನ್ನು ಕೊಯ್ದುಕೊಂಡು ಸರ್ರನೆ ಎಂಜಿನ್ನಿನೊಳಗೆ ಹೋದವು. ಅವನಿಗೆ ಅದು ಕಾಣಲಿಲ್ಲ. ಅವನು ಎರಡೂ ಕೈ ಎತ್ತಿ ಕುಣಿದ.

"ಹತ್ತಿತು! ಸೂರೀ, ಹತ್ತಿತು ಕಣೇ! ಹೋಗಾಣ ಬಾರೇ!"

ಹಿಂದಕ್ಕೆ ಓಡಿ ಬಂದ. ಸೂರಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಪಕ್ಕಕ್ಕೆ ಸರಿದ. ಅವಳ ನೋಟ ಸರಿಯಲಿಲ್ಲ.

"ಸೂರೀ."

ಭುಜ ಅಲುಗಿಸಿದ. ಕೆನ್ನೆ ತಟ್ಟಿದ. ಕೆನ್ನೆ ಇನ್ನೂ ಬೆಚ್ಚಗಿತ್ತು. ಎಂಜಿನ್ನು ಓಡುತ್ತಿತ್ತು. ಆ ಸದ್ದಿಗೆ ಅವಳ ಉಸಿರು ಕೇಳಿಸುತ್ತಿಲ್ಲ, ಅಷ್ಟೇ, ಎಂದುಕೊಂಡ. ಪೆಟ್ರೋಲಿನ ನಲ್ಲಿ ಮುಚ್ಚಿದ. ಎಂಜಿನ್ನು ಓಡಿತು. ಕಿಡಿಯ ತಂತಿ ಕಿತ್ತ. ಓಡಿತು. ಕಿಡಿಯಿಲ್ಲ, ಪೆಟ್ರೋಲಿಲ್ಲ. ಓಡಿತು. ಅವನು ಬರಿಗೈಯಲ್ಲಿ ಕಾದ ಕಬ್ಬಿಣಕ್ಕೆ ಗುದ್ದಿದ. "ನಿಲ್ಲೇ! ನಿಲ್ಲೇ ನಿನ್ನ ಮನೆ ಹಾಳಾಗ! ಕೇಳಿಸ್ಕೋಬೇಕು ನಾನು! ನಿಲ್ಲೇ!"

ಹಿಂದಿನಿಂದ ಓಬಕ್ಕ ಏನೋ ಹೇಳುತ್ತಿದ್ದಳು. ತುಟಿ ಆಡುವುದು ಮಾತ್ರ ಕಾಣಿಸಿತು. ಹತ್ತಿರ ಹೋದ. ಸೂರಮ್ಮನ ಕಾಲ ಬಳಿ, ಓಬಕ್ಕನ ರಕ್ತವಾದ ಎರಡು ಅಂಗೈಗಳ ನಡುವೆ, ಒಂದು ಹೆಣ್ಣುಕೂಸು. ಬಾಯಿ ಪೂರ್ತಿ ತೆರೆದು ಅಳುತ್ತಿತ್ತು. ಎಂಜಿನ್ನಿನ ಸದ್ದಿಗೆ ಒಂದು ಚೂರೂ ಕೇಳಿಸುತ್ತಿರಲಿಲ್ಲ.

"ಅರ್ಧ ಕೆಚ್ಚಿದ್ದೆ," ಎಂದಳು ಓಬಕ್ಕ ಅವನ ಕಿವಿಗೆ ಬಾಯಿಟ್ಟು. "ಅರ್ಧ ಉಳೀತು." ಆಮೇಲೆ, "ಕತ್ತಿ ಕೊಡು," ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಹೊಕ್ಕಳಬಳ್ಳಿ ಕೊಯ್ಯಬೇಕು. ನಿನ್ನ ಹತ್ರ ಐತಲ್ಲ, ಬೆಳಗ್ಗೆ ನನ್ನ ಮಗ್ಗಕ್ಕೆ ಹಾಕಿದ್ದು. ಕೊಡು ಅದನ್ನ."

ಕತ್ತಿ ಅಂಗಿಯ ಜೇಬಿನಲ್ಲೇ ಇತ್ತು. ಅವನು ತೆಗೆದು ಕೊಟ್ಟ. ಅವಳು ಹಣಿಗೆಯಲ್ಲಿ ಉಳಿದಿದ್ದ ಕೆಂಪು ಎಳೆಯಿಂದ ಬಳ್ಳಿಯನ್ನು ಬಿಗಿದು ಕಟ್ಟಿ, ಕೊಯ್ದಳು.

ಎಂಜಿನ್ನು ನಿಂತಿತು.

ಆ ನಿಶ್ಶಬ್ದದಲ್ಲಿ ಕೂಸಿನ ಅಳು ಬಯಲಿಗೆಲ್ಲ ಕೇಳಿಸಿತು. ಸೂರ್ಯ ಮುಳುಗಿದ್ದ. ಬೊಮ್ಮಲಿಂಗಪ್ಪ ಮೋಟಾರಿನ ಮೆಟ್ಟಿಲ ಮೇಲೆ ಕೂತು, ಹೆಂಡತಿಯ ಪಾದ ಹಿಡಿದುಕೊಂಡು, ಅದು ತಣ್ಣಗಾಗುವುದನ್ನು ಕೈಯಲ್ಲೇ ನೋಡಿದ. ಆ ದಾರಿಯಲ್ಲಿ ಬಂದ ತಳಕಿನ ಗಾಡಿಯವರು ಎತ್ತು ಕಟ್ಟಿ ಮೋಟಾರನ್ನು ಎಳೆದುಕೊಂಡು ಹೋದರು.

ಸೂರಮ್ಮನನ್ನು ಮೊಳಕಾಲ್ಮೂರಿನಲ್ಲೇ ಮಣ್ಣು ಮಾಡಿದರು. ಸಾಹುಕಾರರು ಬೇರೆ ಡ್ರೈವರನ್ನು ಕರೆಸಿದರು. ಬೊಮ್ಮಲಿಂಗಪ್ಪ ಆ ಹೊಸಬನಿಗೆ ಸ್ಪ್ಯಾನರ್ ಕೊಟ್ಟು ಬಂದವನು, ಓಬಕ್ಕನ ಜಗಲಿಯ ಮೂಲೆ ಹಿಡಿದ. ಹಾಕಿದರೆ ಉಣ್ಣುತ್ತಿದ್ದ. ಕೂಸು ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದ. ಆ ಸಂಜೆಯ ಮೇಲೆ ಅದರ ಮುಖವನ್ನು ಅವನು ಒಂದು ದಿನವೂ ನೋಡಿರಲಿಲ್ಲ.

ಓಬಕ್ಕ ಗಾಯ ಮಾಗದ ಬೆರಳುಗಳಲ್ಲೇ ಮತ್ತೆ ಮಗ್ಗಕ್ಕೆ ಕೂತಳು. ಮನೆಯಲ್ಲಿ ಉಳಿದಿದ್ದ ಬಟ್ಟೆಯನ್ನು ಮಗ್ಗದ ಎಳೆಗಳಿಗೆ ಕೆಚ್ಚಿ, ಆ ಕಡೆಯ ಒಂದು ಗೇಣು ನೇಯ್ದಳು. ಸೀರೆ ಮುಗಿಯಿತು. ಉಡುವ ಬಾಣಂತಿ ಇರಲಿಲ್ಲ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕೂಸಿಗೆ ಸುತ್ತಿ ಜಗಲಿಗೆ ತಂದಳು.

"ಹಿಡಿ."

ಅವನು ಗೋಡೆಯ ಕಡೆ ತಿರುಗಿದ. "ನನಗೆ ಯಾಕವ್ವಾ ಕೊಡ್ತೀಯಾ? ಬೈಯವ್ವಾ ನನ್ನ. ಪೆದ್ದಣ್ಣ ಹಾಕಿದ್ನಲ್ಲ, ಅಂಥಾದ್ದೇ ಒಂದು ಶಾಪ ನೀನೂ ಹಾಕು. ಅದನ್ನ ಹೊತ್ತುಕೊಂಡು ಎಲ್ಲಾದ್ರೂ ಹೋಗ್ತೀನಿ."

ಓಬಕ್ಕ ಅವನ ಪಕ್ಕ ಕೂತು, ಕೂಸನ್ನು ಅವನ ಮಡಿಲಿಗೆ ಇಟ್ಟು, ಮುಖದ ಮೇಲಿನ ಬಟ್ಟೆ ಸರಿಸಿದಳು.

"ನಿನಗೆ ಬೇರೆ ಶಾಪ ಯಾಕಪ್ಪಾ," ಎಂದಳು. "ನೋಡು. ಕೂಸು ಸೂರಮ್ಮನ ಥರಾನೇ ಐತೆ."